ಆರ್‌ಸಿ ಯುದ್ಧನೌಕೆಗಳನ್ನ, ಅಂದ್ರೆ ರಿಮೋಟಲ್ಲಿ ಓಡೋ ಮಾಡೆಲ್ ಹಡಗುಗಳನ್ನ, ಇಡೀ ದಿನ ಓಡಿಸೋದ್ರಲ್ಲಿ ಅಂಥದ್ದೇನಿದೆ? ಹತ್ತು ನಿಮಿಷಕ್ಕೆ ಬೋರ್ ಆಗಲ್ವಾ? ಗುಂಡಾದ್ರೂ ಹಾರಿಸಲ್ವಾ?

ಒಬ್ರೇ ಓಡಿಸಿದ್ರೆ ಆಗುತ್ತೆ. ನೀವು ಕೇಳಿರೋದು ಸರಿಯಾಗೇ ಇದೆ, ರೇಸ್ ಬೋಟ್ ಥರ ಸ್ಪೀಡ್ ಇಲ್ಲ, ನೆಗೆಯಲ್ಲ, ಬೂದು ಬಣ್ಣದ ಹಡಗು ನಿಧಾನಕ್ಕೆ ಆ ಕಡೆ ಹೋಗಿ ಈ ಕಡೆ ಬರುತ್ತೆ ಅಷ್ಟೇ, ಇದಕ್ಕೆ ಇಷ್ಟು ಜನ ದೊಡ್ಡೋರು ಬೆಳಗ್ಗೆಯಿಂದ ಸಂಜೆ ತನಕ ಕೆರೆ ದಂಡೆ ಮೇಲೆ ಯಾಕೆ ನಿಂತಿರ್ತಾರೆ ಅಂತ. ನಾನೂ ಹಾಗೆ ನಿಲ್ಲೋನೇ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ಸ್ಪೀಡ್ ವಿಷಯ, ಯಾಕಂದ್ರೆ ಎಲ್ಲ ಅದರ ಮೇಲೇ ನಿಂತಿದೆ. 1:144 ಸ್ಕೇಲ್ ಮಾಡೆಲ್, ಅಂದ್ರೆ ಉದ್ದ ಅಗಲ ಎಲ್ಲ ನಿಜವಾದ ಹಡಗಿನ 144ರಲ್ಲಿ ಒಂದು ಪಾಲು ಇರೋದು, ಹಾಗಾದ್ರೆ ಸ್ಪೀಡೂ 144ರಲ್ಲಿ ಒಂದು ಪಾಲು ಇರ್ಬೇಕು ಅಂತ ತುಂಬ ಜನ ಅನ್ಕೋತಾರೆ, ಹಾಗಲ್ಲ. ನೀರಿನ ಅಲೆಗೆ ಅದರದ್ದೇ ಲೆಕ್ಕ ಇದೆ. ವಿಲಿಯಂ ಫ್ರೂಡ್ ಅಂತ ಇಂಗ್ಲೆಂಡಿನ ಇಂಜಿನಿಯರ್ ಒಬ್ರು 1870ರ ದಶಕದಲ್ಲಿ ಉದ್ದದ ತೊಟ್ಟಿ ಕಟ್ಟಿಸಿ ಅದರಲ್ಲಿ ಮಾಡೆಲ್ ಹಡಗು ಎಳೆದು ಎಳೆದು ನೋಡಿ ಇದನ್ನ ತೋರಿಸಿಕೊಟ್ರು, ಸ್ಪೀಡನ್ನ ಸ್ಕೇಲಿನ ವರ್ಗಮೂಲದಿಂದ ಭಾಗಿಸಿದ್ರೆ ಮಾತ್ರ ಮಾಡೆಲ್ ಎಬ್ಬಿಸೋ ಅಲೆ ನಿಜವಾದ ಹಡಗಿನ ಅಲೆ ಥರಾನೇ ಇರುತ್ತೆ ಅಂತ. 144ರ ವರ್ಗಮೂಲ 12. ನಿಜವಾದ ಹಡಗು 30 ನಾಟ್ ಓಡಿದ್ರೆ ಸೆಕೆಂಡಿಗೆ ಸುಮಾರು 15.4 ಮೀಟರ್, ಮಾಡೆಲ್‌ಗೆ ಅದು ಸೆಕೆಂಡಿಗೆ 1.3 ಮೀಟರ್ ಹತ್ರ, ಅಂದ್ರೆ ನಾವು ಮಾಮೂಲಾಗಿ ನಡೆಯೋ ಸ್ಪೀಡು, ಅದೂ ಫುಲ್ ಥ್ರಾಟಲ್ಲಲ್ಲಿ! ಅದಕ್ಕಿಂತ ಜೋರಾಗಿ ಓಡಿಸಿದ್ರೆ ಮೂತಿ ಮೇಲೆದ್ದು ಹಿಂಭಾಗ ಕೂತು ಆಟದ ಸಾಮಾನಿನ ಹಾಗೆ ಕಾಣುತ್ತೆ. ಸರಿಯಾದ ಸ್ಪೀಡಲ್ಲಿ ಬಿಟ್ಟು ದಂಡೆಲಿ ಕೂತ್ಕೊಂಡು ನೀರಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ, ಮೂತಿಯಿಂದ ಎದ್ದ ಅಲೆ ಪಕ್ಕದಲ್ಲಿ ಹರಡ್ತಾ ಹೋಗೋದು, ಹಿಂದೆ ನೊರೆ ಉಳಿಯೋದು, ಹಳೇ ಕಪ್ಪು ಬಿಳುಪು ಫೋಟೋಲಿ ಇರೋದೇ ಕಣ್ಮುಂದೆ ಇರುತ್ತೆ.

ಇನ್ನು ಬೆಳಗ್ಗೆ ಬೇಗ ಹೋಗೋದು ಯಾಕೆ ಅಂದ್ರೆ ಗಾಳಿಗೆ. ಕೆರೆಲಿ ಏಳೋ 5 ಸೆಂಟಿಮೀಟರ್ ಅಲೆ ನಿಮಗೂ ನನಗೂ ಏನೂ ಅಲ್ಲ, ಆದ್ರೆ 1:144 ಹಡಗಿಗೆ ಅದು 7 ಮೀಟರಿಗಿಂತ ಎತ್ತರದ ಸಮುದ್ರ. ಹಾಗಾಗಿ ನೀರು ತಿಳಿಯಾಗಿರೋವಾಗ ಡೆಸ್ಟ್ರಾಯರ್‌ಗಳು ಇಳೀತಾವೆ, ಅವು ಜೋರಾಗಿ ಓಡೋ ಚಿಕ್ಕ ಯುದ್ಧನೌಕೆಗಳು, ಉದ್ದ, ತೆಳ್ಳಗೆ, ಅಗಲಕ್ಕಿಂತ ಉದ್ದ ಒಂಬತ್ತು ಪಟ್ಟಿಗೂ ಜಾಸ್ತಿ. ಎರಡನೇ ಮಹಾಯುದ್ಧದ ಅಮೆರಿಕದ ಫ್ಲೆಚರ್ ಕ್ಲಾಸ್ ಡೆಸ್ಟ್ರಾಯರ್ 1:144ರಲ್ಲಿ ಹೆಚ್ಚುಕಮ್ಮಿ 80 ಸೆಂಟಿಮೀಟರ್ ಉದ್ದ ಬರುತ್ತೆ, ತೂಕ ಒಂದು ಕೆಜಿನೂ ಮುಟ್ಟಲ್ಲ, ಅಷ್ಟರಲ್ಲೇ ಮೋಟಾರು, ಬ್ಯಾಟರಿ, ರೇಡಿಯೋ ಸಿಗ್ನಲ್ ಹಿಡಿಯೋ ರಿಸೀವರ್, ಚುಕ್ಕಾಣಿ ತಿರುಗಿಸೋ ಸರ್ವೋ ಎಲ್ಲ ಬರ್ಬೇಕು. ಅದೇ ಸ್ಕೇಲಲ್ಲಿ ಜರ್ಮನಿಯ ದೈತ್ಯ ಬ್ಯಾಟಲ್‌ಶಿಪ್ ಬಿಸ್ಮಾರ್ಕ್ ಮಾಡಿದ್ರೆ ಉದ್ದ ಸುಮಾರು 1.75 ಮೀಟರ್, ತೂಕ 16-17 ಕೆಜಿ, ಇಳಿಸೋಕೆ ಇಬ್ರು ಬೇಕು. ಉದ್ದದ ಜೊತೆ ಅಗಲ, ಆಳ ಎಲ್ಲಾನೂ ಹೆಚ್ಚುತ್ತಲ್ಲ, ಅದಕ್ಕೇ ತೂಕದಲ್ಲಿ ಇಷ್ಟು ವ್ಯತ್ಯಾಸ. ಚಿಕ್ಕ ಹಡಗಿನವರು ಮಾಸ್ಟು, ಬ್ರಿಡ್ಜು, ಗನ್ ಟರೆಟ್ಟು ಎಲ್ಲ ತೆಳು ಪ್ಲಾಸ್ಟಿಕ್ ಶೀಟಲ್ಲಿ ಮಾಡಿ ಮೇಲೆ ಒಂದೊಂದು ಗ್ರಾಮಿಗೂ ಲೆಕ್ಕ ಹಾಕಿ ಬ್ಯಾಟರಿ ಮತ್ತೆ ಸೀಸದ ಪಟ್ಟಿ ಎಲ್ಲಾನೂ ತಳಕ್ಕೆ ಹಾಕ್ತಾರೆ, ಮೇಲ್ಗಡೆ ಭಾರ ಆದ್ರೆ ಮೊದಲನೇ ತಿರುವಲ್ಲೇ ಮಗುಚುತ್ತೆ. ಗಾಳಿ ಏರ್ತಾ ಇದ್ದಂಗೆ ಅವ್ರು ಟೇಬಲ್ ಹತ್ರ ವಾಪಸ್, ದೊಡ್ಡ ಬ್ಯಾಟಲ್‌ಶಿಪ್‌ಗಳು ಆಗ ಹೊರಡ್ತಾವೆ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ, ಇಡೀ ದಿನ ಹೋಗೋದು ಸಾಲಾಗಿ ಓಡಿಸೋದ್ರಲ್ಲಿ. ನಾಲ್ಕೋ ಐದೋ ಹಡಗು, ಒಂದರ ಹಿಂದೆ ಒಂದು, ಮಧ್ಯೆ ಒಂದೇ ಸಮ ಅಂತರ, ಒಂದೇ ಸ್ಪೀಡು. ಕೇಳೋಕೆ ಸುಲಭ. ಪ್ರತಿ ಹಡಗಿನ ಮೋಟಾರ್ ಬೇರೆ, ಪ್ರೊಪೆಲ್ಲರ್ ಬೇರೆ, ಭಾರ ಬೇರೆ, ಇದಕ್ಕೆ ಬ್ರೇಕ್ ಅನ್ನೋದು ಇಲ್ಲ, ಥ್ರಾಟಲ್ ತೆಗೆದ್ರೂ 15 ಕೆಜಿ ಹಡಗು ಹೋಗ್ತಾನೇ ಇರುತ್ತೆ, ಮುಂದಿನವನ ಹಿಂಭಾಗಕ್ಕೆ ಗುದ್ದೋ ಮುಂಚೆ ರಿವರ್ಸ್ ಹಾಕ್ಬೇಕು, ರಿವರ್ಸ್ ಹಾಕಿದ್ರೆ ರಡ್ಡರ್ (ಚುಕ್ಕಾಣಿ) ಮೇಲೆ ನೀರು ಬೀಳದೆ ಹಡಗು ಮಾತು ಕೇಳಲ್ಲ. ಇದರ ಜೊತೆಗೆ ನೀವು ನಿಂತಿರೋದು ದಂಡೆಲಿ, ಹಡಗಲ್ಲಿ ಅಲ್ಲ, ಅದು ನಿಮ್ಮ ಕಡೆ ಬರೋವಾಗ ಎಡ ಬಲ ಅದಲು ಬದಲು, ದೂರ ಹೋದ್ಮೇಲೆ ಎರಡು ಹಡಗಿನ ನಡುವೆ ಎಷ್ಟು ಅಂತರ ಇದೆ ಅಂತಾನೇ ಗೊತ್ತಾಗಲ್ಲ. ಅದಕ್ಕೆ ಎಲ್ರೂ ಪಕ್ಕ ಪಕ್ಕ ನಿಂತು ಜೋರಾಗಿ ಹೇಳ್ತಾ ಇರ್ತಾರೆ, "ಸ್ವಲ್ಪ ಇಳಿಸಿ ಇಳಿಸಿ, ನಿಮ್ಮ ಹಿಂದೆ ನಾನಿದೀನಿ", "ಬಾಯ ತಿರುಗ್ತಾ ಇದೀನಿ, ಈಗ". ಬಾಯ ಅಂದ್ರೆ ನೀರಲ್ಲಿ ತೇಲಿಬಿಟ್ಟಿರೋ ಗುರುತಿನ ಡಬ್ಬಿ. ಅಲ್ಲಿ ಒಬ್ಬೊಬ್ರೇ ಬಂದು ಅದೇ ಜಾಗದಲ್ಲಿ ತಿರುಗಿದ್ರೆ ಸಾಲು ಹಾವಿನ ಥರ ಬಳಸಿಕೊಂಡು ಹೋಗುತ್ತೆ. ಅದು ಸರಿಯಾಗಿ ಬಂದ ದಿನ ಮಾತೇ ಬೇಡ.

ಇದಕ್ಕಿಂತ ಕಷ್ಟದ್ದು ಎಲ್ಲ ಹೆಚ್ಚುಕಮ್ಮಿ ಒಟ್ಟಿಗೆ, ಇದ್ದಿದ್ದ ಜಾಗದಲ್ಲೇ ತಿರುಗೋದು. ಮೊದಲನೇ ಮಹಾಯುದ್ಧದಲ್ಲಿ, 1916ರ ಮೇ 31ರ ಜಟ್ಲೆಂಡ್ ನೌಕಾ ಕದನದಲ್ಲಿ ಜರ್ಮನ್ ಅಡ್ಮಿರಲ್ ಶೀರ್ ಬ್ರಿಟಿಷರ ಇಡೀ ನೌಕಾಪಡೆ ಎದುರಿಗೆ ಅಡ್ಡ ಬಂದಾಗ ತನ್ನ ಸಾಲನ್ನ ಪೂರ್ತಿ ಉಲ್ಟಾ ತಿರುಗಿಸಿ ಹೊಗೆ ಮಂಜಿನಲ್ಲಿ ತಪ್ಪಿಸಿಕೊಂಡ್ರು. ಇದರಲ್ಲಿ ಕೊನೇ ಹಡಗು ಮೊದಲು ತಿರುಗೋಕೆ ಶುರು ಮಾಡ್ಬೇಕು, ಅದು ತಿರುಗಿದ್ದು ನೋಡಿ ಅದರ ಮುಂದಿನದು, ಹಾಗೆ ಹಿಂದಿನಿಂದ ಮುಂದಕ್ಕೆ. ಯಾಕೆ ಅಂತ ಪುಸ್ತಕದಲ್ಲಿ ಓದಿದ್ರೂ ಕೆರೆಲಿ ಮಾಡಿ ನೋಡೋ ತನಕ ನನಗೆ ಪೂರ್ತಿ ಅರ್ಥ ಆಗಿರ್ಲಿಲ್ಲ. ಮುಂದಿನವನು ಮೊದಲು ತಿರುಗಿದ್ರೆ ಸೀದಾ ಹಿಂದಿನವನ ದಾರಿಗೇ ಬರ್ತಾನೆ. ನಮ್ಮ ಐದು ಹಡಗಲ್ಲೇ ಇಷ್ಟು ಗಲಾಟೆ, ಅವ್ರು ಗುಂಡು ಬೀಳ್ತಿರೋವಾಗ ಬಾವುಟ ಮತ್ತೆ ವೈರ್‌ಲೆಸ್ ಸಿಗ್ನಲ್ ನಂಬಿಕೊಂಡು ಅಷ್ಟೊಂದು ದೈತ್ಯ ಹಡಗು ತಿರುಗಿಸಿದ್ದು ನೆನೆಸಿಕೊಂಡ್ರೆ ಆ ನಾವಿಕರ ಬಗ್ಗೆ ಗೌರವ ಜಾಸ್ತಿ ಆಗುತ್ತೆ.

ಇನ್ನೊಂದು ಹೇಳ್ಲೇಬೇಕು. ನಮ್ಮಲ್ಲಿ ಒಬ್ರ ಹತ್ರ ಮೊದಲನೇ ಮಹಾಯುದ್ಧದ ಡ್ಯಾಜಲ್ ಪೇಂಟಿಂಗ್ ಇರೋ ಹಡಗಿದೆ, ಮೈ ತುಂಬ ಕಪ್ಪು ಬಿಳಿ ನೀಲಿ ಓರೆ ಪಟ್ಟೆಗಳು. 1917ರಲ್ಲಿ ನಾರ್ಮನ್ ವಿಲ್ಕಿನ್ಸನ್ ಅನ್ನೋ ಬ್ರಿಟಿಷ್ ಚಿತ್ರಕಾರರು ತಂದ ಐಡಿಯಾ ಅದು, ಹಡಗನ್ನ ಬಚ್ಚಿಡೋಕಲ್ಲ, ಯಾವ ಕಡೆ ಹೋಗ್ತಿದೆ ಅಂತ ಸಬ್‌ಮರೀನಿನವರಿಗೆ ಗೊಂದಲ ಆಗ್ಲಿ ಅಂತ. ಆ ಹಡಗು ದಂಡೆಯಿಂದ ಸ್ವಲ್ಪ ದೂರ ಹೋದ್ರೆ ಸಾಕು, ಮೂತಿ ಯಾವುದು ಹಿಂಭಾಗ ಯಾವುದು ಅಂತ ಅವ್ರಿಗೇ ಗೊತ್ತಾಗಲ್ಲ, ರಡ್ಡರ್ ಆಡಿಸಿ ನೋಡಿ ಕಂಡುಹಿಡೀಬೇಕು. ಅದರ ಹಿಂದೆ ಸಾಲಲ್ಲಿ ಇರೋದು ಅಂದ್ರೆ ಯಾರಿಗೂ ಇಷ್ಟ ಇಲ್ಲ, ಆದ್ರೆ ಎಲ್ರೂ ಅದನ್ನೇ ನೋಡ್ತಿರ್ತಾರೆ.

ಅಪಾಯ ಇಲ್ವಾ ಅಂದ್ರೆ ಇದೆ. ಪ್ರೊಪೆಲ್ಲರ್‌ಗೆ ಜೊಂಡು ಸುತ್ತಿಕೊಂಡ್ರೆ ಹಡಗು ನಡು ನೀರಲ್ಲಿ ನಿಲ್ಲುತ್ತೆ, ಆಗ ಒಬ್ರು ಟಗ್ ಬೋಟ್ ಕಳಿಸಿ ತಳ್ಕೊಂಡು ಬರ್ತಾರೆ, ಅದು ಒಂದು ಪ್ರತ್ಯೇಕ ಕಲೆ, ಟಗ್ ಇರೋರಿಗೆ ಬಹಳ ಮರ್ಯಾದೆ. ನೀರು ಒಳಗೆ ಬರೋದು ಇನ್ನೂ ಕೆಟ್ಟದ್ದು. ಹೋದ ಸಲ ಒಂದು ಕ್ರೂಸರ್ (ಡೆಸ್ಟ್ರಾಯರ್‌ಗಿಂತ ದೊಡ್ಡದು, ಬ್ಯಾಟಲ್‌ಶಿಪ್‌ಗಿಂತ ಚಿಕ್ಕದು) ತಿರುವಲ್ಲಿ ಓರೆ ಆಗಿದ್ದು ನೇರ ಆಗೋಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ತು, ಅಷ್ಟೇ, ಬೇರೆ ಯಾರೂ ಗಮನಿಸ್ಲಿಲ್ಲ, ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ರು "ಅದನ್ನ ಈಗ್ಲೇ ದಂಡೆಗೆ ತನ್ನಿ" ಅಂದ್ರು. ಡೆಕ್ ತೆಗೆದು ನೋಡಿದ್ರೆ ಪ್ರೊಪೆಲ್ಲರ್ ತಿರುಗಿಸೋ ಶಾಫ್ಟ್ ಹೋಗೋ ಕೊಳವೆಲಿ ಗ್ರೀಸ್ ಖಾಲಿ, ಅಲ್ಲಿಂದ ಜಿನುಗಿ ತಳದಲ್ಲಿ ಒಂದು ಲೋಟದಷ್ಟು ನೀರು. ಲೋಟ ನೀರಿನ ಭಾರ ದೊಡ್ಡದಲ್ಲ, ಆದ್ರೆ ಹಡಗು ವಾಲಿದ ಕಡೆಗೇ ಆ ನೀರೆಲ್ಲ ಓಡಿ ಇನ್ನಷ್ಟು ವಾಲಿಸುತ್ತೆ, ದೊಡ್ಡ ಹಡಗುಗಳೂ ಹೀಗೇ ಮಗುಚೋದು. ಅದಕ್ಕೆ ಒಳಗೆ ತಡೆಗೋಡೆ ಹಾಕಿ, ಖಾಲಿ ಜಾಗಕ್ಕೆ ಫೋಮ್ ತುಂಬಿ.

ಗುಂಡು ಹಾರಿಸಲ್ವಾ ಅಂತಾನೂ ಕೇಳಿದ್ರಿ. ನಾವು ಹಾರಿಸಲ್ಲ. ಅಮೆರಿಕದಲ್ಲಿ ಅದೇ ಒಂದು ಬೇರೆ ಹವ್ಯಾಸ, ಇದೇ 1:144 ಸ್ಕೇಲಲ್ಲಿ ತೆಳು ಬಾಲ್ಸಾ ಮರದ ಮೈ, ಗ್ಯಾಸ್ ಒತ್ತಡದಲ್ಲಿ ಹಾರೋ ಸಣ್ಣ ಉಕ್ಕಿನ ಗುಂಡು, ಒಳಗೆ ನೀರು ಹೊರಹಾಕೋ ಪಂಪ್, ನಿಜವಾಗ್ಲೂ ಮುಳುಗಿಸ್ತಾರೆ, ಆಮೇಲೆ ಎತ್ತಿ ತೂತು ಮುಚ್ಚಿ ಮತ್ತೆ ಇಳಿಸ್ತಾರೆ, ಅಲ್ಲಿ ಕಣ್ಣಿಗೆ ಸೇಫ್ಟಿ ಗ್ಲಾಸ್ ಹಾಕೋದು ಕಡ್ಡಾಯ. ನೋಡೋಕೆ ಚೆನ್ನಾಗಿರುತ್ತೆ. ನನಗೆ ಮಾತ್ರ ವರ್ಷಗಟ್ಟಲೆ ಕೂತು ರೇಲಿಂಗ್ ಅಂಟಿಸಿದ ಹಡಗಿಗೆ ತೂತು ಮಾಡಿಸಿಕೊಳ್ಳೋಕೆ ಮನಸ್ಸು ಬರಲ್ಲ.

ನಿಮಗೆ ಆಸಕ್ತಿ ಇದ್ರೆ ಮೊದಲು ಏನೂ ತಗೋಬೇಡಿ, ಇಂಥ ಗುಂಪು ಎಲ್ಲಿ ಸೇರುತ್ತೆ ನೋಡಿ ಸುಮ್ನೆ ಹೋಗಿ ನಿಲ್ಲಿ, ಯಾರಾದ್ರೂ ಟ್ರಾನ್ಸ್‌ಮಿಟರ್ (ಕೈಲಿ ಹಿಡಿಯೋ ರಿಮೋಟ್) ಕೈಗೆ ಕೊಟ್ಟೇ ಕೊಡ್ತಾರೆ. ಮೊದಲನೇ ಹಡಗಿಗೆ ಡೆಸ್ಟ್ರಾಯರ್ ಬೇಡ, ಅಗಲವಾದ ಟಗ್ಗೋ ಸಪ್ಲೈ ಶಿಪ್ಪೋ ಮಾಡಿ, ಆಮೇಲೆ ಕ್ರೂಸರ್. ಸಬ್‌ಮರೀನ್ ಕಡೆ ಕಣ್ಣು ಹೋದ್ರೆ ಒಂದು ತಿಳ್ಕೊಳ್ಳಿ, ಈಗಿನ 2.4 ಗಿಗಾಹರ್ಟ್ಸ್ ರೇಡಿಯೋ ನೀರೊಳಗೆ ಹೋಗಲ್ಲ, ಅದಕ್ಕೆ ಹಳೇ ಕಡಿಮೆ ಫ್ರೀಕ್ವೆನ್ಸಿ ಸೆಟ್ಟೇ ಬೇಕು. ಮೇಲೆ ಓಡೋ ಹಡಗಲ್ಲೂ ಆಂಟೆನಾನ ತಳದಲ್ಲಿ ಬಿಡದೆ ಆದಷ್ಟು ಎತ್ತರಕ್ಕೆ, ಡೆಕ್ ಹತ್ರಾನೇ ಕಟ್ಟಿ, ಸಿಗ್ನಲ್ ಹೋದ್ರೆ ಮೋಟಾರ್ ನಿಲ್ಲೋ ಹಾಗೆ ಫೇಲ್‌ಸೇಫ್ ಸೆಟ್ ಮಾಡಿ, ನೀರಿಗೆ ಇಳಿಸೋ ಮುಂಚೆ ದಂಡೆಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ ಅದು ನಿಲ್ಲುತ್ತಾ ಅಂತ ನೋಡಿ.