ಕ್ಲೀನ್‌ರೂಮಿಗೆ ಔಷಧದಂಗಡಿಯ ಕೈಗವಸು ಸಾಲದೇ?

ಪ್ರಶ್ನೆ: ನಾನು ಜಿಗಣಿಯ ಔಷಧ ಕಾರ್ಖಾನೆಯೊಂದರಲ್ಲಿ ಇಂಜೆಕ್ಷನ್ ತುಂಬುವ ವಿಭಾಗದಲ್ಲಿದ್ದೇನೆ. ನಮಗೆ ಪ್ಲಾಸ್ಟಿಕ್ ಚೀಲದಲ್ಲಿ ಬರುವ ದುಬಾರಿ ನೈಟ್ರೈಲ್ ಕೈಗವಸು ಕೊಡುತ್ತಾರೆ. ಔಷಧದಂಗಡಿಯ ರಟ್ಟಿನ ಡಬ್ಬಿಯಲ್ಲಿರುವುದೂ ನೈಟ್ರೈಲೇ ಅಲ್ಲವೇ? ಸ್ಪಿರಿಟ್ ಸಿಂಪಡಿಸಿಕೊಂಡು ಒಂದೇ ಜೊತೆಯನ್ನು ಇಡೀ ಪಾಳಿ ಬಳಸಬಹುದೇ? ಅಲರ್ಜಿ ಆಗದು ಎನ್ನುತ್ತಾರಾದರೂ ನನ್ನ ಕೈಗಳು ತುರಿಸುವುದೇಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಕ್ರಿಲೋನೈಟ್ರೈಲ್ ಮತ್ತು ಬ್ಯುಟಾಡೈಯೀನ್ ಸೇರಿದ ಅದೇ ಕೃತಕ ರಬ್ಬರಿನಿಂದ ಎರಡೂ ತಯಾರಾಗುತ್ತವೆ. ಕೈಯಾಕಾರದ ಪಿಂಗಾಣಿ ಅಚ್ಚನ್ನು ಮೊದಲು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ, ಬಳಿಕ ದ್ರವರೂಪದ ನೈಟ್ರೈಲಿನಲ್ಲಿ ಅದ್ದಿ ತೆಗೆಯುತ್ತಾರೆ. ಅಂಟು ಹೋಗಲೆಂದು ಹಲವು ಕಡೆ ಕ್ಲೋರಿನ್ ನೀರಿನಲ್ಲಿಯೂ ತೊಳೆಯುತ್ತಾರೆ. ಇವುಗಳಿಂದ ಬಂದ ಲವಣಗಳ ಶೇಷ ಮೇಲ್ಮೈಯಲ್ಲಿ ಉಳಿದುಕೊಳ್ಳುತ್ತದೆ. ಕ್ಲೀನ್‌ರೂಮಿಗೆ, ಅಂದರೆ ಗಾಳಿಯಲ್ಲಿನ ಕಣಗಳನ್ನು ಮಿತಿಯಲ್ಲಿಟ್ಟ ನಿಮ್ಮಂಥ ವಿಭಾಗದ ಶುದ್ಧ ಕೊಠಡಿಗೆ, ಹೋಗುವ ಕೈಗವಸನ್ನು ಅಯಾನುಗಳನ್ನು (ಕರಗಿದ ಲವಣದ ಕಣಗಳನ್ನು) ತೆಗೆದ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಸೋಸಿದ ಗಾಳಿಯಲ್ಲಿ ಒಣಗಿಸಿ, ಶುದ್ಧ ಕೊಠಡಿಯೊಳಗೇ ಎರಡು ಪದರದ ಪಾಲಿಥೀನ್ ಚೀಲದಲ್ಲಿ ಮುಚ್ಚುತ್ತಾರೆ. ನೀವು ಕೊಡುತ್ತಿರುವ ಹೆಚ್ಚಿನ ಬೆಲೆ ಬಹುಮಟ್ಟಿಗೆ ಈ ಕೆಲಸದ್ದು. ರಟ್ಟಿನ ಡಬ್ಬಿಯಿಂದ ಒಂದು ಜೊತೆ ಎಳೆದಾಗಲೆಲ್ಲ ಕಾಗದದ ನಾರು ಅದಕ್ಕಂಟಿ ಬರುತ್ತದೆ. ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ ಪ್ರಕಾರ 5ನೇ ದರ್ಜೆಯ ಶುದ್ಧ ಕೊಠಡಿಯಲ್ಲಾದರೋ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ (ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು) ಹಾಗೂ ಅದಕ್ಕಿಂತ ದೊಡ್ಡ ಕಣಗಳು 3,520ನ್ನು ಮೀರುವಂತಿಲ್ಲ. ನಿಮ್ಮ ವಿಭಾಗಕ್ಕಂತೂ ಗಾಮಾ ವಿಕಿರಣದಂತಹ ವಿಧಾನದಿಂದ ಕ್ರಿಮಿರಹಿತಗೊಳಿಸಿದ ಕೈಗವಸೇ ಬೇಕು. ಉದ್ದವನ್ನೂ ಗಮನಿಸಿ: ಸುಮಾರು 300 ಮಿಲಿಮೀಟರ್ ಇರುವುದು ಗೌನಿನ ತೋಳಿನ ಮೇಲೆ ಚೆನ್ನಾಗಿ ಕೂರುತ್ತದೆ, ಗಿಡ್ಡನೆಯದಾದರೆ ಕೈ ಚಾಚಿದೊಡನೆ ಮಣಿಕಟ್ಟು ತೆರೆದುಕೊಳ್ಳುತ್ತದೆ.

ಇಡೀ ಪಾಳಿ ಒಂದೇ ಜೊತೆ ಬಳಸುವುದು ಖಂಡಿತ ಸಲ್ಲದು. ನೀವು ಹೇಳುವ ಸ್ಪಿರಿಟ್, ಅಂದರೆ ಶೇ 70ರ ಐಸೋಪ್ರೊಪೈಲ್ ಆಲ್ಕೋಹಾಲ್, ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಸೂಜಿಮೊನೆಯಷ್ಟು ತೂತನ್ನು ಮುಚ್ಚುವುದಿಲ್ಲ. ಕಾರ್ಖಾನೆಯಲ್ಲಿ ಕೈಗವಸಿಗೆ 1,000 ಮಿಲಿಲೀಟರ್ ನೀರು ತುಂಬಿ, ತೂಗುಹಾಕಿ, 2 ನಿಮಿಷ ಸೋರುವಿಕೆಯನ್ನು ನೋಡುತ್ತಾರೆ. ಆದರೆ ಇದು ಪ್ರತಿ ಬ್ಯಾಚಿನಿಂದ ಆಯ್ದ ಕೆಲವು ಕೈಗವಸುಗಳಿಗೆ ಮಾತ್ರ ನಡೆಯುವ ಪರೀಕ್ಷೆಯಾದ್ದರಿಂದ ನಿಮ್ಮ ಕೈಯಲ್ಲಿರುವ ಜೊತೆ ಅದರಲ್ಲಿ ಪಾಸಾಗಿದೆ ಎಂದು ಭಾವಿಸಬಾರದು. ಒಂದರ ಮೇಲೊಂದು ತೊಟ್ಟು, ಹೊರಗಿನದನ್ನು ನಿಮ್ಮ ಕಾರ್ಖಾನೆಯ ಕಾರ್ಯವಿಧಾನ ಹೇಳುವ ಅವಧಿಗೆ, ಹರಿದರೆ ಆ ಕ್ಷಣವೇ, ಬದಲಿಸಿ. ಅಸಿಟೋನ್ ಮುಟ್ಟುವ ಕೆಲಸಕ್ಕೆ ನೈಟ್ರೈಲ್ ಬೇಡವೇ ಬೇಡ. ಅದು ಬೇಗನೆ ಉಬ್ಬಿ ಸಡಿಲವಾಗುತ್ತದೆ.

ಇನ್ನು ತುರಿಕೆಯ ವಿಚಾರ. ನೈಟ್ರೈಲಿನಲ್ಲಿ ಸಹಜ ರಬ್ಬರಿನ (ಲೇಟೆಕ್ಸ್) ಪ್ರೋಟೀನ್ ಇಲ್ಲದ ಕಾರಣ ಲೇಟೆಕ್ಸ್ ಅಲರ್ಜಿ ಇದರಿಂದ ಬರುವುದಿಲ್ಲ. ಆದರೆ ರಬ್ಬರನ್ನು ಗಟ್ಟಿಗೊಳಿಸಲು ಬಳಸುವ ಥಯುರಾಮ್, ಕಾರ್ಬಮೇಟ್‌ನಂತಹ ವೇಗವರ್ಧಕಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಕೆಂಪು ಗುಳ್ಳೆಗಳು ಒಂದೆರಡು ದಿನ ತಡವಾಗಿ, ಹೆಚ್ಚಾಗಿ ಹಿಂಗೈಯಲ್ಲಿ ಏಳುತ್ತವೆ. ಒದ್ದೆ ಕೈಯಲ್ಲಿ ತೊಟ್ಟು ಬೆವರು ಒಳಗೇ ನಿಂತರೂ ತುರಿಕೆ ಬರುವುದುಂಟು. ಕೈ ಪೂರ್ಣ ಒಣಗಿದ ಮೇಲೆಯೇ ತೊಡಿ. ಅದರಿಂದಲೂ ಕಡಿಮೆಯಾಗದಿದ್ದರೆ ಚರ್ಮವೈದ್ಯರಲ್ಲಿ ಪ್ಯಾಚ್ ಪರೀಕ್ಷೆ (ಶಂಕಿತ ವಸ್ತುವನ್ನು ಚರ್ಮಕ್ಕೆ ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ) ಮಾಡಿಸಿ, ವೇಗವರ್ಧಕರಹಿತ ಕೈಗವಸು ಒದಗಿಸುವಂತೆ ಕೇಳಿಕೊಳ್ಳಿ. ಚರ್ಮ ಬಿರಿದಿದ್ದರೆ ಅದನ್ನು ಮುಚ್ಚಿಟ್ಟು ಒಳಗೆ ಹೋಗದೆ ಮೇಲ್ವಿಚಾರಕರಿಗೆ ತಿಳಿಸಿ; ತೆರೆದ ಗಾಯವಿರುವವರನ್ನು ಔಷಧ ತುಂಬುವ ಜಾಗದಿಂದ ದೂರವಿಡುವುದು ನಿಮ್ಮ ಕೈಗೂ ರೋಗಿಗೂ ಕ್ಷೇಮ.