ಆಪ್ತಸಲಹೆ ಪ್ರಕರಣ: ಹದಿನಾರು ದಿನವಾದರೂ ಏರದ ತೂಕ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಚೊಚ್ಚಲ ಹೆರಿಗೆ, ಸಿಸೇರಿಯನ್, ಬಾಣಂತನ ತವರಿನಲ್ಲಿ. ಹೆಣ್ಣುಮಗುವಿನ ಹುಟ್ಟುತೂಕ 2,900 ಗ್ರಾಂ. ನಾಲ್ಕನೇ ದಿನ ಮನೆಗೆ ಹೊರಡುವಾಗ 2,680. ಮೊದಲ ದಿನಗಳಲ್ಲಿ ಇಷ್ಟು ಇಳಿಯುವುದು ಸಹಜವೇ. ಆದರೆ ಹತ್ತರಿಂದ ಹದಿನಾಲ್ಕನೇ ದಿನದೊಳಗೆ ಹುಟ್ಟುತೂಕ ಮರಳಬೇಕು. ಈ ಮಗು 16ನೇ ದಿನ 2,710ರಲ್ಲಿ ನಿಂತಿತ್ತು. ಸೋಂಕಿಲ್ಲ, ಕಾಮಾಲೆ ಇಳಿದಿದೆ, ನಾಲಿಗೆ ಚೆನ್ನಾಗಿ ಆಡುತ್ತಿದೆ ಎಂದು ಮಕ್ಕಳ ವೈದ್ಯರು ನೋಡಿದ ಮೇಲೆ ನಮ್ಮಲ್ಲಿಗೆ ಕಳಿಸಿದ್ದರು. ತೂಕ ಏರದ ಮಗುವನ್ನು ಮೊದಲು ವೈದ್ಯರೇ ನೋಡಬೇಕು, ಹಾಲೂಡಿಸುವ ಸಲಹೆ ಆಮೇಲೆ.

"ಇವಳಿಗೆ ಹಾಲೇ ಇಲ್ಲ ಮೇಡಂ, ಹಿಂಡಿದ್ರೆ ಎರಡು ಹನಿ ಬರುತ್ತೆ ಅಷ್ಟೆ" ಎಂದರು ಅಜ್ಜಿ. ತಾಯಿ ಮಾತಾಡಲಿಲ್ಲ. ಎರಡೂ ತೊಟ್ಟುಗಳು ಬಿರಿದಿದ್ದವು.

ಒಂದು ಹೊತ್ತಿನ ಹಾಲೂಡಿಕೆಯನ್ನು ಪೂರ್ತಿ ಕೂತು ನೋಡಿದೆವು. ಮಗು ತೊಟ್ಟನ್ನು ಮಾತ್ರ ಹಿಡಿದಿತ್ತು. ಕೆನ್ನೆ ಒಳಕ್ಕೆ ಗುಳಿ ಬೀಳುತ್ತಿತ್ತು, ಚಪ್ಪರಿಸುವ ಸದ್ದು ಕೇಳುತ್ತಿತ್ತು, ಗುಟುಕು ಕೇಳುತ್ತಿರಲಿಲ್ಲ. ಬಿಟ್ಟಾಗ ತೊಟ್ಟು ಒಂದು ಪಕ್ಕಕ್ಕೆ ಓರೆಯಾಗಿ ಚಪ್ಪಟೆಯಾಗಿತ್ತು. ಬಾಯಿ ಆಳಕ್ಕೆ ಹಿಡಿದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಗುರುತು ಬೇಡ. 5 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ, ಅದೇ ಬಟ್ಟೆಯಲ್ಲಿ, ಡೈಪರ್ ಬದಲಿಸದೆ, ಕುಡಿಯುವ ಮೊದಲು ಮತ್ತು ನಂತರ ತೂಗಿದಾಗ 25 ನಿಮಿಷಕ್ಕೆ ಏರಿದ್ದು 20 ಗ್ರಾಂ, ಅಂದರೆ ಸುಮಾರು 20 ಮಿ.ಲೀ. ಈ ವಯಸ್ಸಿನಲ್ಲಿ ಕಿಲೋ ತೂಕಕ್ಕೆ ದಿನಕ್ಕೆ 150 ಮಿ.ಲೀ. ಲೆಕ್ಕ. ದಿನಕ್ಕೆ ಎಂಟು ಸಲ ಎಂದುಕೊಂಡರೂ ಪ್ರತಿಸಲ 50 ಮಿ.ಲೀ. ದಾಟಬೇಕು.

ಕೂಡಲೇ ತಾಯಿಯ ಕೈಯಲ್ಲೇ ಹಾಲು ಹಿಂಡಿಸಿದೆವು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂ.ಮೀ. ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಬೆರಳು ಕೂಡಿಸಿ, ಸಡಿಲ ಬಿಡಬೇಕು. ಚರ್ಮದ ಮೇಲೆ ಜಾರಿಸಬಾರದು. ಅಜ್ಜಿ ಹಿಂಡಿದ್ದು ತೊಟ್ಟನ್ನೇ, ಅಲ್ಲಿ ಎರಡೇ ಹನಿ ಬರುವುದು. ಈಗ ಲೋಟಕ್ಕೆ ಬಿದ್ದದ್ದು 25 ಮಿ.ಲೀ. ಹಾಲಿತ್ತು, ಮಗುವಿನ ಹೊಟ್ಟೆಗೆ ಹೋಗುತ್ತಿರಲಿಲ್ಲ. ಎದೆಯಲ್ಲಿ ಉಳಿದ ಹಾಲು ಮುಂದಿನ ಹಾಲು ತಯಾರಾಗುವುದನ್ನು ನಿಧಾನಿಸುತ್ತದೆ. ಹೀಗೇ ಬಿಟ್ಟರೆ ಇನ್ನೆರಡು ವಾರದಲ್ಲಿ ಅಜ್ಜಿಯ ಮಾತೇ ನಿಜವಾಗುತ್ತಿತ್ತು.

ದಿನಚರಿ ಕೇಳಿದಾಗ ಇನ್ನೆರಡು ಸಂಗತಿ ಸಿಕ್ಕವು. ಬೆಳಿಗ್ಗೆ ಎಣ್ಣೆ ನೀರು, ಸಾಂಬ್ರಾಣಿ ಹೊಗೆ ಆದ ಮೇಲೆ ಮಗು ನಾಲ್ಕು ಗಂಟೆಗೂ ಮೀರಿ ಮಲಗುತ್ತಿತ್ತು. ಮಲಗಿದ ಮಗುವನ್ನು ಎಬ್ಬಿಸಬಾರದೆಂದು ಮನೆಯವರು ಬಿಟ್ಟಿದ್ದರು. ಇಡೀ ದಿನಕ್ಕೆ ಎದೆಹಾಲು ಆರೇ ಸಲ. ರಾತ್ರಿಗೆ ಬಾಟಲಿಯಲ್ಲಿ ಡಬ್ಬಿ ಹಾಲು. ಕಲಸುವುದು ಹೇಗೆಂದು ಮಾಡಿ ತೋರಿಸಲು ಹೇಳಿದೆವು: 120 ಮಿ.ಲೀ. ನೀರಿಗೆ ಎರಡು ಚಮಚ. ಡಬ್ಬಿಯ ಮೇಲಿದ್ದದ್ದು 30 ಮಿ.ಲೀ.ಗೆ ಒಂದು, ಅಂದರೆ ನಾಲ್ಕು ಬೇಕಿತ್ತು. "ಗಟ್ಟಿ ಹಾಲು ಅರಗಲ್ಲ ಅಂತ..." ನೀರು ಹಾಲಿನಿಂದ ಹೊಟ್ಟೆ ತುಂಬಿ ಮಗು ಮಲಗುತ್ತದೆ, ಶಕ್ತಿ ಅರ್ಧವೇ ಸಿಗುತ್ತದೆ, ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯವೂ ಇದೆ. ಹೆಚ್ಚು ಪುಡಿ ಹಾಕುವುದೂ ಅಷ್ಟೇ ತಪ್ಪು.

ಡಬ್ಬಿ ಹಾಲನ್ನು ಅಂದೇ ನಿಲ್ಲಿಸಿ ಎನ್ನಲಿಲ್ಲ. ಎದೆಹಾಲಿನ ಪರವಾಗಿ ಮಾತಾಡುವ ಹುರುಪಿನಲ್ಲಿ ಹಾಗೆ ಹೇಳುವವರಿದ್ದಾರೆ. ಸೊರಗಿದ ಮಗುವಿಗೆ ಜೋರಾಗಿ ಚೀಪುವ ತ್ರಾಣವೇ ಇರುವುದಿಲ್ಲ. ಮೊದಲು ಹೊಟ್ಟೆ ತುಂಬಲಿ.

ಹೊಲಿಗೆ ಮೇಲೆ ಭಾರ ಬೀಳದಂತೆ ಮಗುವನ್ನು ಕಂಕುಳಡಿ ಹಿಡಿಯುವುದನ್ನು ಕಲಿಸಿದೆವು: ಪಕ್ಕದಲ್ಲಿ ದಿಂಬು, ಮಗುವಿನ ಕಾಲು ತಾಯಿಯ ಬೆನ್ನ ಕಡೆಗೆ, ತಾಯಿಯ ಅಂಗೈ ಮಗುವಿನ ಕತ್ತಿನ ಬುಡಕ್ಕೆ. ತಲೆಯ ಹಿಂಭಾಗ ಒತ್ತಿದರೆ ಮಗು ಸೆಟೆದು ಹಿಂದಕ್ಕೆ ಹೋಗುತ್ತದೆ. ಮೂಗು ತೊಟ್ಟಿನ ನೇರಕ್ಕೆ ಇರಲಿ, ಬಾಯಿ ಆಕಳಿಸುವಷ್ಟು ತೆರೆಯುವವರೆಗೆ ಕಾಯಿರಿ, ಗಲ್ಲ ಮೊದಲು ತಾಗಲಿ. ಸರಿಯಾಗಿ ಹಿಡಿದರೆ ಕೆಳತುಟಿ ಹೊರಮಡಿಚಿರುತ್ತದೆ, ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತದೆ. ಮೊದಲ ಕೆಲವು ಸೆಕೆಂಡು ಕಳೆದರೂ ನೋವಿದ್ದರೆ ಕಿರುಬೆರಳನ್ನು ಬಾಯಿಯ ಮೂಲೆಗೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಮೂರನೇ ಪ್ರಯತ್ನಕ್ಕೆ ಗುಟುಕು ಕೇಳಿಸಿತು. ಚೀಪುವುದು ನಿಧಾನವಾದಾಗ ಮೊಲೆಯನ್ನು ಮೆಲ್ಲಗೆ ಒತ್ತಿ ಹಿಡಿದರೆ ಮಗು ಮತ್ತೆ ನುಂಗತೊಡಗುತ್ತದೆ.

ಹಗಲು ಎರಡೂವರೆ ಗಂಟೆ, ರಾತ್ರಿ ಮೂರು ಗಂಟೆ ಮೀರದಂತೆ ದಿನಕ್ಕೆ ಎಂಟರಿಂದ ಹತ್ತು ಸಲ ಕೊಡಬೇಕು. ಸ್ನಾನದ ನಿದ್ದೆಯಿಂದಲೂ ಎಬ್ಬಿಸಬೇಕು, ಬಟ್ಟೆ ಸಡಿಲಿಸಿ ಅಂಗಾಲು ಉಜ್ಜಿದರೆ ಏಳುತ್ತದೆ. ಪ್ರತಿಸಲ ಎದೆಹಾಲಾದ ಮೇಲೆ 30 ಮಿ.ಲೀ. ಮೇಲುಹಾಲು: ಮೊದಲು ಹಿಂಡಿಟ್ಟದ್ದು, ಸಾಲದಿದ್ದರೆ ಮಾತ್ರ ಡಬ್ಬಿಯದು, ಸರಿಯಾದ ಅಳತೆಯಲ್ಲಿ. ನೀರು ಕುದಿಸಿ ಅರ್ಧ ಗಂಟೆಯೊಳಗೆ, ಬಿಸಿ ಇರುವಾಗಲೇ ಕಲಸಿ ಆರಿಸಬೇಕು. ಮಗು ಕುಡಿದು ಉಳಿಸಿದ್ದನ್ನು ಚೆಲ್ಲಬೇಕು. ಬಾಟಲಿಯ ಬದಲು ಮನೆಯಲ್ಲೇ ಇದ್ದ ಬೆಳ್ಳಿ ಒಳಲೆ ಸಾಕು ಎಂದದ್ದು ಅಜ್ಜಿಗೆ ಬಹಳ ಹಿಡಿಸಿತು. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಮೂತಿಯನ್ನು ತುಟಿಯ ಅಂಚಿಗಿಟ್ಟು ಮಗುವೇ ಹೀರಲು ಬಿಡಬೇಕು, ಗಂಟಲಿಗೆ ಸುರಿಯಬಾರದು. ಪ್ರತಿಸಲ ತೊಳೆದು ಕುದಿಸಬೇಕು. ಊಡಿಸಿದ ಮೇಲೆ ದಿನಕ್ಕೆ ಆರು ಸಲ, ರಾತ್ರಿ ಒಂದು ಸೇರಿದಂತೆ, ಹತ್ತು ಹದಿನೈದು ನಿಮಿಷ ಹಾಲು ಹಿಂಡಬೇಕು. ಹಿಂಡಿದ್ದು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ಒಂದು ದಿನ ಇರಲಿ. ಬಿರುಕಿಗೆ ಕೊನೆಯ ಹನಿ ಹಾಲು ಸವರಿ ಗಾಳಿಗೆ ಒಣಗಿಸುವುದು.

ಬಾಣಂತಿಗೆ ನೀರು ಕಡಿಮೆ ಕೊಡುತ್ತಿದ್ದರು. ಹೆಚ್ಚು ನೀರು ಕುಡಿದರೆ ಹೆಚ್ಚು ಹಾಲು ಬರುತ್ತದೆ ಅನ್ನುವುದು ಸುಳ್ಳು, ಆದರೆ ಬಾಯಾರಿದವಳಿಗೆ ನೀರು ತಡೆಯುವುದು ಹಿಂಸೆ. ಸಬ್ಬಸಿಗೆ, ಬೆಳ್ಳುಳ್ಳಿ ತಿನ್ನಲಿ, ತೊಂದರೆಯಿಲ್ಲ. ಎದೆ ಖಾಲಿಯಾಗದೆ ಅವೇನೂ ಮಾಡವು. ಮಗುವಿಗೆ ಜೇನು, ಬಜೆ, ಗ್ರೈಪ್ ವಾಟರ್ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆವು.

ಮನೆಯಲ್ಲಿ ಬರೆದಿಡಬೇಕಾದದ್ದು ಎರಡೇ: ದಿನಕ್ಕೆ ಆರಾದರೂ ಒದ್ದೆ ಬಟ್ಟೆ, ಮೂರು ನಾಲ್ಕು ಹಳದಿ ಮಲ. ಮೂತ್ರ ಇದಕ್ಕಿಂತ ತೀರ ಕಡಿಮೆಯಾದರೆ, ಇಟ್ಟಿಗೆ ಬಣ್ಣ ಕಂಡರೆ, ಎಬ್ಬಿಸಿದರೂ ಮಗು ಕುಡಿಯದಿದ್ದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ. ತಾಯಿಗೆ ಮೊಲೆ ಕೆಂಪಾಗಿ ಚಳಿಜ್ವರ ಬಂದರೂ ಹಾಗೆಯೇ. ಹಾಲೂಡಿಸುವುದನ್ನು ಮಾತ್ರ ನಿಲ್ಲಿಸಬಾರದು.

19ನೇ ದಿನ 2,805 ಗ್ರಾಂ. 26ನೇ ದಿನ 3,030. ದಿನಕ್ಕೆ 25 ಗ್ರಾಂ ಮೀರಿ ಏರುತ್ತಿದ್ದುದರಿಂದ ಮೇಲುಹಾಲನ್ನು ಮೂರು ದಿನಕ್ಕೊಮ್ಮೆ, ಪ್ರತಿಸಲಕ್ಕೆ 10 ಮಿ.ಲೀ.ನಂತೆ ಇಳಿಸಿದೆವು. ಐದನೇ ವಾರಕ್ಕೆ ಹಗಲಿನದು ನಿಂತಿತು. ರಾತ್ರಿ ಒಂದು ಹೊತ್ತು ಮಾತ್ರ ಅಜ್ಜಿ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಾರೆ. ತಾಯಿಗೆ ನಾಲ್ಕು ಗಂಟೆ ನಿದ್ದೆ ಸಿಗುತ್ತದೆಂದು ಅದನ್ನು ಹಾಗೇ ಬಿಟ್ಟಿದ್ದೇವೆ. ವೈದ್ಯರು ಬರೆದ ವಿಟಮಿನ್ ಡಿ ಹನಿ ದಿನಕ್ಕೆ 400 ಐ.ಯು. ಮುಂದುವರಿಯುತ್ತಿದೆ. ಮುಂದಿನ ತೂಕ ಆರನೇ ವಾರದ ಲಸಿಕೆಯ ದಿನ.