ಪಿತ್ತಕೋಶದ ಕಲ್ಲು ಕರುಳಲ್ಲಿ ಸಿಕ್ಕಿಕೊಂಡರೆ ಕಲ್ಲಷ್ಟೇ ತೆಗೆದರೆ ಸಾಕಾ?

ಡೊಂಬಿವಲಿಯ ನಿಮ್ಮ ಅತ್ತೆಗೆ 74 ವರ್ಷ. ಕರುಳಲ್ಲಿ ಪಿತ್ತಕೋಶದ ಕಲ್ಲು ಸಿಕ್ಕಿಕೊಂಡಿದೆ. ಸರ್ಜನ್ ಕಲ್ಲು ಮಾತ್ರ ತೆಗೆಯುತ್ತಾರಂತೆ, ಪಿತ್ತಕೋಶ ಮುಟ್ಟುವುದಿಲ್ಲವಂತೆ. ಇದು ಅರ್ಧಂಬರ್ಧ ಕೆಲಸ ಅಲ್ವಾ ಅಂತ ಕೇಳಿದ್ದೀರಿ.

ಅಲ್ಲ. ನಾನೂ ಮುಂಬಯಿಯಲ್ಲಿ ಸರ್ಜನ್. ಈ ವಯಸ್ಸಿನವರಿಗೆ ಬಹುಮಟ್ಟಿಗೆ ನಾನು ಮಾಡುವುದೂ ಅಷ್ಟೇ.

ಕರುಳಲ್ಲಿ ಸಿಕ್ಕಿಕೊಳ್ಳುವಷ್ಟು ದೊಡ್ಡ ಕಲ್ಲು ಪಿತ್ತನಾಳದಲ್ಲಿ ಇಳಿದು ಬರುವುದು ಕಷ್ಟ. ಪಿತ್ತಕೋಶಕ್ಕೆ ಮತ್ತೆ ಮತ್ತೆ ಬಾವು ಬಂದು ಅದು ಪಕ್ಕದ ಡುಯೋಡಿನಮ್‌ಗೆ, ಅಂದರೆ ಸಣ್ಣ ಕರುಳಿನ ಮೊದಲ ಭಾಗಕ್ಕೆ, ಅಂಟಿಕೊಳ್ಳುತ್ತದೆ. ಕಲ್ಲು ಒತ್ತಿ ಒತ್ತಿ ನಡುವೆ ತೂತು ಬೀಳುತ್ತದೆ. ಅಲ್ಲಿಂದ ಕರುಳಿಗೆ ದಾರಿ. ಚಿಕ್ಕ ಕಲ್ಲುಗಳು ಮಲದಲ್ಲಿ ಹೋಗಿಬಿಡುತ್ತವೆ. ಎರಡು, ಎರಡೂವರೆ ಸೆಂಟಿಮೀಟರ್ ದಾಟಿದ್ದು ಹೆಚ್ಚಾಗಿ ಸಣ್ಣ ಕರುಳಿನ ಕೊನೆಯಲ್ಲಿ ಸಿಕ್ಕಿಬೀಳುತ್ತದೆ.

ಬರುವ ದಾರಿಯಲ್ಲೂ ಅದು ನಿಂತು ನಿಂತು ಸಾಗುತ್ತದೆ. ಇವತ್ತು ವಾಂತಿ, ನೋವು ಜೋರು, ನಾಳೆ ಆರಾಮ. ನಮ್ಮ ಹಿರಿಯರು ಬಿಲ್ಡಿಂಗ್ ಕೆಳಗಿನ ಮೆಡಿಕಲ್‌ನಿಂದ ಗ್ಯಾಸಿನ ಮಾತ್ರೆ ತರಿಸಿ ಸುಮ್ನಾಗುತ್ತಾರೆ. ಹಾಗೇ ತಡವಾಗುವುದು.

ಸಿಟಿ ಸ್ಕ್ಯಾನ್‌ನಲ್ಲಿ ಊದಿದ ಕರುಳು, ಜಾಗ ತಪ್ಪಿದ ಕಲ್ಲು, ಪಿತ್ತನಾಳದಲ್ಲಿ ಗಾಳಿ ಮೂರೂ ಕಂಡರೆ ರೋಗ ಇದೇ. 1941ರಲ್ಲಿ ರಿಗ್ಲರ್ ಎಂಬ ರೇಡಿಯಾಲಜಿಸ್ಟ್ ಮಾಮೂಲಿ ಎಕ್ಸ್‌ರೇಯಲ್ಲೇ ಇದನ್ನು ಗುರುತಿಸಿದ್ದರು. ಹಿಂದೆ ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದವರಲ್ಲೂ ಗಾಳಿ ಕಾಣಬಹುದು, ಅದೊಂದೇ ನಂಬುವಂತಿಲ್ಲ.

ಮೊದಲು ಮೂಗಿನಿಂದ ಟ್ಯೂಬ್ ಹಾಕಿ ಹೊಟ್ಟೆ ಹಗುರ ಮಾಡಿ, ಸಲೈನ್ ಕೊಟ್ಟು, ಪೊಟ್ಯಾಶಿಯಂ ಸರಿಪಡಿಸಬೇಕು. ಆಪರೇಷನ್‌ನಲ್ಲಿ ಕಲ್ಲಿನ ಮೇಲೆಯೇ ಕೊಯ್ಯುವುದಿಲ್ಲ. ಅಲ್ಲಿ ಕರುಳು ಒತ್ತಡಕ್ಕೆ ಸೊರಗಿರುತ್ತದೆ. ಕಲ್ಲನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಗಟ್ಟಿ ಜಾಗದಲ್ಲಿ ಉದ್ದಕ್ಕೆ ಸೀಳಿ ತೆಗೆಯುತ್ತೇವೆ. ಹೊಲಿಗೆ ಮಾತ್ರ ಅಡ್ಡಕ್ಕೆ. ಉದ್ದಕ್ಕೆ ಹಾಕಿದರೆ ಕರುಳು ಕಿರಿದಾಗುತ್ತದೆ. ಆಮೇಲೆ ಇಡೀ ಕರುಳನ್ನು ಕೈಯಲ್ಲಿ ಸವರಿ ನೋಡಲೇಬೇಕು. ಹೊರಬಂದ ಕಲ್ಲಿನ ಒಂದು ಬದಿ ಚಪ್ಪಟೆಯಾಗಿ ಸವೆದಿದ್ದರೆ ನನಗೆ ಅನುಮಾನ ಜಾಸ್ತಿ: ಅದಕ್ಕೆ ಉಜ್ಜಿಕೊಂಡಿದ್ದ ಇನ್ನೊಂದು ಎಲ್ಲೋ ಇದೆ.

ಪಿತ್ತಕೋಶ ಯಾಕೆ ಮುಟ್ಟುವುದಿಲ್ಲ ಅಂದರೆ, ಅದರ ಹತ್ತಿರ ಎಲ್ಲವೂ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿ ಡುಯೋಡಿನಮ್‌ನ ತೂತು ಹೊಲಿಯಲು ತುಂಬಾ ಹೊತ್ತು ಬೇಕು. ಹೊಲಿಗೆ ಸೋರಿದರೆ ವಯಸ್ಸಾದವರ ಜೀವಕ್ಕೇ ಬರುತ್ತದೆ. ಒಳಗೆ ಬೇರೆ ಕಲ್ಲಿಲ್ಲದಿದ್ದರೆ ಎಷ್ಟೋ ಸಲ ಆ ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಗಟ್ಟಿಮುಟ್ಟಾದ ಐವತ್ತರವರಾಗಿದ್ದರೆ ಲೆಕ್ಕ ಬೇರೆ, ಎಲ್ಲವನ್ನೂ ಒಟ್ಟಿಗೇ ಮಾಡುವ ಯೋಚನೆ ಮಾಡಬಹುದು.

ನಿಮ್ಮ ಸರ್ಜನ್‌ಗೆ ಒಂದು ಮಾತು ಕೇಳಿ: ಪಿತ್ತಕೋಶದಲ್ಲಿ ಇನ್ನೂ ಕಲ್ಲು ಉಳಿದಿದೆಯಾ? ಉಳಿದಿದ್ದರೆ, ಚೇತರಿಸಿಕೊಂಡ ಮೇಲೆ ಎರಡನೇ ಆಪರೇಷನ್ ಬೇಕಾಗಬಹುದು. ಇನ್ನು, ನೋವು ಇಳಿಯಿತು ಅಂತ ಅತ್ತೆ ಮನೆಗೆ ಹೊರಟರೆ ಬಿಡಬೇಡಿ. ಕಲ್ಲು ಸ್ವಲ್ಪ ಮುಂದೆ ಸರಿದಿರುತ್ತದೆ ಅಷ್ಟೇ.